ಬೇಲು ಕಟ್ಟಿದ ಕಾರು

"ಈ ಸಲ ಆ ಕಾರ ಮಾರೇ ಮಾರ್ತೀನಿ ಕಣೇ! ಗುಜರಿಗಲ್ಲ, ಹರಾಜಲ್ಲಿ! ಅದೂ ಕಂಪ್ಯೂಟರ್ ಹರಾಜಲ್ಲಿ! ಇಂಗ್ಲೆಂಡು, ಅಮೇರಿಕಾದೋರೆಲ್ಲ ಕೂಗ್ತಾರೆ. ಬಂದ ದುಡ್ಡಲ್ಲಿ ಹೊಸ ಬೈಕ್ ತಂದು, ನಿಮ್ಮಪ್ಪನ ಮನೆ ಮುಂದೆ ಮೂರು ಸುತ್ತು ಹೊಡ್ದು ಹಾರನ್ ಬಾರಿಸ್ಲಿಲ್ಲ, ನನ್ನೆಸ್ರು ಕನಕರಾಜು ಅಲ್ಲ!"

ಹೀಗೆ ಘೋಷಿಸುವಾಗ ಕನಕರಾಜುವಿನ ಒಂದು ಕಾಲು ಜಗಲಿಯ ಮೇಲಿತ್ತು, ಒಂದು ಕೈ ಮೀಸೆಯ ಮೇಲಿತ್ತು. ರಾಜ್ಯ ಗೆಲ್ಲಲು ಹೊರಟವರು ನಿಲ್ಲುವುದೇ ಹಾಗೆ. ಅವನ ಹೆಂಡತಿ ಸುನಂದ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಮೊದ್ಲು ಅದರೊಳಗೆ ಕಾವಿಗೆ ಕೂತಿರೋ ಕೋಳಿ ಎಬ್ಸಿ ನೋಡಾವ. ಆಮೇಕೆ ಇಂಗ್ಲೆಂಡ್ ಎಬ್ಸೀರಂತೆ."

ಕನಕರಾಜು ಹನಗೋಡು ರಸ್ತೆಯ ಕಡೆಯ ಹೊಗೆಸೊಪ್ಪಿನ ಬೆಳೆಗಾರ. ಹರಾಜೆಂಬ ವಿದ್ಯೆಯಲ್ಲಿ ತನ್ನನ್ನು ಮೀರಿಸುವವನು ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಹುಟ್ಟಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ವರ್ಷಾವರ್ಷ ಸೊಪ್ಪು ಬೇಯಿಸಿ, ಬಣ್ಣ ನೋಡಿ ಗ್ರೇಡ್ ಮಾಡಿಸಿ, ಗೋಣಿತಾಟಿನಲ್ಲಿ ಬೇಲು ಕಟ್ಟಿಸಿ, ಹರಾಜು ಕಟ್ಟೆಯಲ್ಲಿ ಸಾಲಾಗಿ ಇಡಿಸಿ, ಖರೀದಿದಾರರು ಬೇಲಿನ ಹೊಟ್ಟೆಗೆ ಕೈ ಹಾಕಿ ಎಲೆ ಎಳೆಯುವಾಗ ಅವರ ಹುಬ್ಬಿನ ಮೇಲೇ ಕಣ್ಣಿಟ್ಟು ನಿಲ್ಲುವುದರಲ್ಲಿ ಅವನು ಪಂಡಿತ. ಹೇಳಿದ ಬೆಲೆ ಹಿಡಿಸದಿದ್ದರೆ ಅಲ್ಲಿ ರೈತನಿಗೆ ಒಂದು ಅಧಿಕಾರವಿದೆ: "ಒಪ್ಪಲ್ಲ" ಎಂದು ಬೇಲನ್ನು ವಾಪಸ್ ಹೊತ್ತುಕೊಂಡು ಬರಬಹುದು. ಕನಕರಾಜು ಈ ಅಧಿಕಾರವನ್ನು ಬಳಸದ ದಿನವೇ ಇಲ್ಲ. ಬೆಲೆ ಚೆನ್ನಾಗಿದ್ದರೂ ಒಮ್ಮೆ "ಒಪ್ಪಲ್ಲ!" ಎನ್ನಬೇಕು. ಇಲ್ಲದಿದ್ದರೆ ಊಟವಾದ ಮೇಲೆ ಎಲೆ ಅಡಿಕೆ ಹಾಕದ ಹಾಗೆ ಅವನಿಗೆ ಬಾಯಿ ಚಪ್ಪೆ.

ಇಂಥ ಪಂಡಿತನ ಮನೆಯಲ್ಲಿ ಮದುವೆಯಾದಾಗಿನಿಂದ ಬಿಕರಿಯಾಗದೆ ಕೂತಿದ್ದ ಮಾಲು ಆ ಕಾರು.

ಅದರ ಕತೆ ಹೇಳಲೇಬೇಕು. ಮದುವೆ ಮಾತುಕತೆಯ ದಿನ ಕನಕರಾಜುವಿನ ಕಡೆಯವರು ಬೈಕು ಕೇಳಿದ್ದರು. ಕೇಳಿದ್ದರು ಎನ್ನುವುದೂ ತಪ್ಪು. ವರದಕ್ಷಿಣೆ ಕೇಳುವುದು ಕಾನೂನಿಗೆ ವಿರುದ್ಧ. "ಹುಡ್ಗ ಪಾಪ, ಹೊಲಕ್ಕೆ ನಡ್ಕಂಡೇ ಓಯ್ತನೆ" ಎಂದು ಮರ್ಯಾದಸ್ಥರಾಗಿ ಗೋಡೆಗೆ ಹೇಳಿದ್ದರು. ಆ ಗೋಡೆಗೆ ಒರಗಿ ಕೂತಿದ್ದವನು ಹುಡುಗಿಯ ಅಪ್ಪ, ಪಿರಿಯಾಪಟ್ಟಣದ ಸಿದ್ದಯ್ಯ. ಕೊಡಗಿನ ಕಾಫಿ ತೋಟದ ದೊರೆಯೊಬ್ಬನ ಹತ್ತಿರ ಹರೆಯವೆಲ್ಲ ಡ್ರೈವರಾಗಿ ಸವೆಸಿದವನು. ದೊರೆ ತೋಟ ಮಾರಿ ಊರು ಬಿಡುವಾಗ ಸಿದ್ದಯ್ಯನ ಸೇವೆಗೆ ಮೆಚ್ಚಿ, ಶೆಡ್ಡಿನಲ್ಲಿ ಕೆಟ್ಟು ನಿಂತಿದ್ದ ತನ್ನ ಕೆಂಪು ಕಾರನ್ನು ಕೊಟ್ಟು ಹೋಗಿದ್ದ. ಉದ್ದನೆ ಮೂತಿ, ಮೇಲೆ ಚಾವಣಿಯಿಲ್ಲ, ಇರುವುದು ಎರಡೇ ಸೀಟು.

ಮದುವೆ ದಿನ ಸಿದ್ದಯ್ಯ ಅದನ್ನೇ ಚಪ್ಪರದ ಮುಂದೆ ತಂದು ನಿಲ್ಲಿಸಿ ಎದೆ ತಟ್ಟಿಕೊಂಡ. "ಎಲ್ಡು ಚಕ್ರ ಕೇಳುದ್ರಿ. ನಾಕು ಕೊಡ್ತಾ ಇವ್ನಿ!"

ನಾಲ್ಕರಲ್ಲಿ ಒಂದೂ ತಾನಾಗಿ ಉರುಳುತ್ತಿರಲಿಲ್ಲ. ಮುಂದಕ್ಕೆ ಜೋಡಿ ಎತ್ತು ಕಟ್ಟಿದರು. ಸ್ಟಿಯರಿಂಗ್ ಯಾರಿಗೂ ಕೊಡೆನೆಂದು ಸಿದ್ದಯ್ಯ ತಾನೇ ಹಿಡಿದು ಕೂತ. ಪಕ್ಕದ ಸೀಟಿಗೆ ಮದುವಣಗಿತ್ತಿ ಹತ್ತಿದಳು. ಅಲ್ಲಿಗೆ ಸೀಟು ಮುಗಿಯಿತು! ಮದುವಣಿಗ ಕನಕರಾಜು ಬಾಸಿಂಗ ಕಟ್ಟಿಕೊಂಡು, ತನ್ನದೇ ಮದುವೆಯ ಕಾರಿನ ಹಿಂದೆ, ಎತ್ತಿನ ಸಗಣಿ ತಪ್ಪಿಸುತ್ತಾ ಮನೆಯವರೆಗೂ ನಡೆದು ಬಂದ. "ಗಂಡು ಯಾರು?" ಎಂದು ದಾರಿಯಲ್ಲಿ ಒಬ್ಬಳು ಕೇಳಿದ್ದು, ಇನ್ನೊಬ್ಬಳು "ಕಾರೊಳಗೆ ಕೂತವ್ರಲ್ಲ, ಸ್ವಲ್ಪ ವಯಸ್ಸಾಗದೆ" ಎಂದದ್ದು ಅವನ ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತದೆ.

ಅಂದಿನಿಂದ ಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಮಾಡಿನಡಿ ಕಾರು ನಿಂತಿತು. ಗಂಡ ಹೆಂಡಿರ ಜಗಳವೂ ಅದರ ಜೊತೆಗೇ ಬೀಡುಬಿಟ್ಟಿತು. "ಓಡದೇ ಇರೋ ತಗಡು ತಲೆಗೆ ಕಟ್ಟಿದ ನಿಮ್ಮಪ್ಪ" ಎಂದು ಇವನು. "ನೀವು ಓಡ್ಸಕ್ಕೆ ಯಾವತ್ತು ನೋಡುದ್ರಿ?" ಎಂದು ಅವಳು. ಈಗ ಅವನಿಗೆ ಬೇಕಾದದ್ದು ಒಂದೇ: ತನ್ನದೊಂದು ಬೈಕು. ಅದರಲ್ಲಿ ತಾನು ಮುಂದೆ, ಸುನಂದ ಹಿಂದೆ, ಮಾವ ರಸ್ತೆ ಪಕ್ಕದಲ್ಲಿ ನಡೆದುಕೊಂಡು!

ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರು ವಸಂತ್ ಹೊಸದಾಗಿ ಸೈಬರ್ ಸೆಂಟರ್ ತೆರೆದಿದ್ದ. ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದವನು. ಕ್ಯಾಮೆರಾ ಹಿಡಿದುಕೊಂಡು ಬಂದು ಕಾರಿನ ಸುತ್ತ ಮಂಗಳಾರತಿ ಎತ್ತುವವನಂತೆ ಸುತ್ತಿ ಫೋಟೋ ತೆಗೆದ. ಡ್ರೈವರ್ ಸೀಟಿನಲ್ಲಿ ಕೂತಿದ್ದ ಕಂದು ಕೋಳಿ ಏಳಲೇ ಇಲ್ಲ. ಅದೂ ಫೋಟೋದಲ್ಲಿ ಬಂತು. ಮಾರನೇ ದಿನ ಸೆಂಟರಿನಲ್ಲಿ ಕನಕರಾಜುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀಲಿಮಣೆ ಕುಟ್ಟತೊಡಗಿದ.

"ಅಣ್ಣಾ, ಇದು ಸ್ಪೋರ್ಟ್ಸ್ ಕಾರು. ಕ್ಲಾಸಿಕ್ ಅಂತಾರೆ ಇಂಥವ್ಕೆ."

"ಓಡಕಿಲ್ಲ ಕಣಪ್ಪ."

"ಓಡ್ದಿದ್ರೆ 'ಪ್ರಾಜೆಕ್ಟ್ ಕಾರು' ಅಂತ ಬೇರೆ ವಿಭಾಗನೇ ಐತೆ. ತಗಂಡೋರು ಒಂದೊಂದು ನಟ್ಟೂ ಬಿಚ್ಚಿ, ತೊಳ್ದು, ಮತ್ತೆ ಜೋಡಿಸ್ತಾರೆ. ಅದೇ ಅವ್ರಿಗೆ ಖುಷಿ."

"ಕೈಯಿಂದ ದುಡ್ಡು ಕೊಟ್ಟು ಕೂಲಿ ಮಾಡ್ತಾರಾ?"

"ಸಾವ್ಕಾರ್ರು ಕಣಣ್ಣ. ಅವ್ರ ಕಷ್ಟ ನಮಗೆ ಗೊತ್ತಾಗಲ್ಲ."

"ಅಯ್ಯೋ ಪಾಪ!" ಎಂದ ಕನಕರಾಜು. ಆ ಅನುಕಂಪವೇ ಅವನಿಗೆ ಮುಳುವಾಯಿತು.

ಶನಿವಾರ ಸಂಜೆಯವರೆಗೆ ಹರಾಜು ತೆರೆದಿರುತ್ತದೆ ಎಂದು ವಸಂತ್ ಹೇಳಿದ. ಕಟ್ಟೆಯಲ್ಲಿ ಎಂಜಲು ನುಂಗುವುದರೊಳಗೆ ಒಂದು ಬೇಲಿನ ಹಣೆಬರಹ ತೀರ್ಮಾನವಾಗುವುದನ್ನು ಕಂಡವನಿಗೆ ಇದೆಂಥ ಹರಾಜು! ಕೂಗುವವನಿಲ್ಲ, ನೂಕುನುಗ್ಗಲಿಲ್ಲ, ಟೀ ಇಲ್ಲ. ದಿನಾ ಬಸ್ಸು ಹತ್ತಿ ಬಂದು ಪರದೆ ನೋಡುವುದಷ್ಟೇ. ಬಂದ ಬೆಲೆಯನ್ನು ಅವನು ರೂಪಾಯಿಯಲ್ಲಿ ಲೆಕ್ಕ ಹಾಕುತ್ತಲೇ ಇರಲಿಲ್ಲ; ಬೈಕಿನಲ್ಲಿ ಹಾಕುತ್ತಿದ್ದ. ಮೊದಲ ದಿನ ಒಂದು ಸೈಲೆನ್ಸರು. ಮರುದಿನ ಸೈಲೆನ್ಸರ್ ಜೊತೆಗೆ ಮುಂದಿನ ಚಕ್ರ. ಆಮೇಲೆ ಅಲ್ಲಿಗೇ ನಿಂತಿತು. ಒಂದು ಚಕ್ರದ ಬೈಕು ಹತ್ತಿ ಪಿರಿಯಾಪಟ್ಟಣಕ್ಕೆ ಹೋಗುವುದು ಹೇಗೆ?

ಇನ್ನೊಂದು ಸಂಕಟವೂ ಇತ್ತು. ಕಾರು ಹೆಚ್ಚು ಬೆಲೆಗೆ ಹೋದರೆ "ನೋಡುದ್ರಾ ನಾನು ಕೊಟ್ಟ ಉಡುಗೊರೆಯ?" ಎಂದು ಮಾವ ಗೆದ್ದ. ಕಡಿಮೆಗೆ ಹೋದರೆ ಬೈಕಿಲ್ಲದೆ ತಾನು ಸೋತ. ಮಾವನ ಮಾನ ಕಳೆದು ಅದೇ ಹೊತ್ತಿಗೆ ಅವನ ಮಾಲಿಗೆ ಬೆಲೆ ಬರಿಸುವ ಉಪಾಯ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ.

ಬುಧವಾರ ಬಸ್ಸಿನಲ್ಲಿ ವಾಪಸ್ ಬರುವಾಗ ಅವನಿಗೆ ಜ್ಞಾನೋದಯವಾಯಿತು. ಕಂಡಕ್ಟರ್ ಬೆಚ್ಚಿಬೀಳುವಂತೆ "ಗ್ರೇಡು!" ಎಂದು ಕೂಗಿದ. ಇಳಿದವನು ಮನೆಗೆ ಓಡಿ ಬಂದ.

"ಸುನಂದಾ! ಯಾಕೆ ಬೆಲೆ ಏರ್ತಿಲ್ಲ ಗೊತ್ತಾ? ಮಾಲು ಗ್ರೇಡ್ ಆಗಿಲ್ಲ! ಗಿಡದಿಂದ ಕಿತ್ತ ಸೊಪ್ಪ ಅಂಗಂಗೇ ತಕ್ಕಂಡೋಗಿ ಕಟ್ಟೇಲಿ ಸುರುದ್ರೆ ಯಾರಾದ್ರೂ ಮೂಸ್ತಾರಾ?"

"ಕಾರ ಎಂಗ್ರೀ ಗ್ರೇಡ್ ಮಾಡ್ತೀರಿ?"

"ಬಿಚ್ಚಾದು! ತಗಂಡೋರು ಬಿಚ್ಚೇ ಬಿಚ್ತಾರಂತೆ. ತೊಳ್ದೇ ತೊಳಿತಾರಂತೆ. ಪಾಪ, ಆ ಅರ್ಧ ಕೆಲ್ಸನ ನಾವೇ ಮಾಡಿ, ಬಣ್ಣ ನೋಡಿ ಇಂಗಡ್ಸಿ, ಬೇಲ್ ಕಟ್ಟಿಟ್ರೆ ಮೇಲೆ ಬಿದ್ದು ಕೂಗ್ತಾರೆ!"

"ಬಿಚ್ಚುದ್ಮೇಲೆ ಸೇರ್ಸೋರ್ಯಾರು?"

"ಸೇರ್ಸಾದೇ ಅವ್ರಿಗೆ ಖುಷಿ ಅಂತೆ ಕಣೇ! ಅವ್ರ ಖುಷಿ ನಾವ್ಯಾಕೆ ಕಿತ್ಕಳಾದು?"

ಸುನಂದ ಅವರೆಕಾಯಿಯ ಮೊರವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡು ಕೂತಳು.

ಗುರುವಾರ ಬೆಳಗ್ಗೆ ಕನಕರಾಜು ಪಂಪ್‌ಸೆಟ್ಟಿನ ಸ್ಪ್ಯಾನರುಗಳನ್ನು ಹಿಡಿದು ಕಾರಿನ ಮೇಲೆ ಬಿದ್ದ. ಬಿಚ್ಚುವ ಕೆಲಸಕ್ಕೆ ಬುದ್ಧಿ ಬೇಡ, ಸಿಟ್ಟು ಸಾಕು. ಸಿಟ್ಟು ಅವನಲ್ಲಿ ಮದುವೆ ದಿನದಿಂದ ಶೇಖರವಾಗಿತ್ತು! ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಕಾರು ಹರಡಿಕೊಂಡಿತು. ಸೊಪ್ಪಿನಲ್ಲಿ ಮಣ್ಣಿದ್ದರೆ ಬೆಲೆ ಬೀಳುತ್ತದಲ್ಲ, ಹಾಗೆ ಇದರಲ್ಲೂ ಕೊಳೆ ಇರಬಾರದೆಂದು ಪ್ರತಿಯೊಂದನ್ನೂ ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿ ಬಿಸಿಲಿಗೆ ಇಟ್ಟ. ಒಂದು ಕೊಳವೆಯೊಳಗಿಂದ ಇಡೀ ಇಲಿಗೂಡು ಹೊರಬಂತು. ಅದು ಯಾವ ಗ್ರೇಡಿಗೂ ಸೇರದ್ದರಿಂದ ತಿಪ್ಪೆಗೆ ಹೋಯಿತು.

ವಿಂಗಡಿಸಲು ಸೊಪ್ಪಿನ ಕೆಲಸದ ಪುಟ್ಟಸಿದ್ದಮ್ಮ ತನ್ನ ಗುಂಪಿನ ಹೆಂಗಸರನ್ನು ಕರೆದುಕೊಂಡು ಬಂದಳು. "ಇದ್ಯಾವ ತಳಿ ಸೊಪ್ಪಪ್ಪಾ?" ಎಂದು ಒಂದು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿದಳು. ಊರಿನಲ್ಲಿ ಗ್ರೇಡ್ ಮಾಡುವುದರಲ್ಲಿ ಸುನಂದಳನ್ನು ಬಿಟ್ಟರಿಲ್ಲ. ಎಲೆ ಮುಟ್ಟಿದರೆ ಸಾಕು, ಬಣ್ಣ ಅವಳ ಬೆರಳಿಗೇ ಗೊತ್ತಾಗುತ್ತದೆ. ಈ ಹುಚ್ಚಾಟಕ್ಕೆ ತಾನಿಲ್ಲ ಎಂದು ಅವಳು ಅಡುಗೆಮನೆ ಸೇರಿದ್ದಳು. ಆದರೆ ಕಿಟಕಿಯಿಂದ ನೋಡುತ್ತಾಳೆ, ಗಂಡ ಫಳಫಳಿಸುವ ಬಿಳಿ ನಟ್ಟೊಂದನ್ನು ಕಂದು ರಾಶಿಗೆ ಹಾಕುತ್ತಿದ್ದಾನೆ!

"ರೀ! ಕೈ ತೆಗೀರಿ! ಅದು ಮೊದುಲ್ನೇ ಗ್ರೇಡು!" ಎಂದು ಓಡಿ ಬಂದು ಸೆರಗು ಸಿಕ್ಕಿಸಿ ಕೂತೇಬಿಟ್ಟಳು.

ಹೊಳೆಯುವುದು ಮೊದಲ ಗ್ರೇಡು. ಹಿತ್ತಾಳೆಯಂತೆ ಹಳದಿಯದು ಎರಡನೆಯದು. ತುಕ್ಕಿನ ಕಂದು ಮೂರು. ಎಣ್ಣೆ ಕುಡಿದ ಕಪ್ಪು ನಾಲ್ಕು. ಚೂರುಪಾರು ಐದು. ಇಂಥ ನಟ್ಟು ಇಂಥ ಚಕ್ರದ್ದು ಎಂಬ ಭೇದಭಾವವನ್ನು ಯಾರೂ ಮಾಡಲಿಲ್ಲ. ಒಂದೇ ಚಕ್ರದ ನಟ್ಟುಗಳು ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ ಬೇಲು ಸೇರಿದವು. ಸೀಟುಗಳಿಗೊಂದು ಬೇಲು. ಕಾರಿನ ಮೈ ಯಾವ ಗೋಣಿತಾಟಿಗೂ ಅಡಗಲಿಲ್ಲವಾಗಿ ಅದರ ಮೇಲೇ ತಾಟು ಹೊದಿಸಿ ದಬ್ಬಳದಿಂದ ಸುತ್ತ ಹೊಲಿದರು. ಪ್ರತಿ ಬೇಲಿನೊಳಗೂ ಗ್ರೇಡ್ ಬರೆದ ಚೀಟಿ ಹಾಕಿದರು. ಕೆಲಸದವರಿಗೆ ಊಟ ಹಾಕಬೇಕಲ್ಲ? ಸೀಟು ಕಳೆದುಕೊಂಡ ಕಂದು ಕೋಳಿ ಮನೆಯಿಲ್ಲದೆ ಅಲೆಯುತ್ತಿತ್ತು. ಅದರ ಕಷ್ಟ ನೋಡಲಾರದೆ ಸಾರು ಮಾಡಿದರು.

ಏಳು ಬೇಲು ಸಾಲಾಗಿ ನಿಂತಾಗ ಕನಕರಾಜುವಿನ ಕಣ್ಣು ತುಂಬಿ ಬಂತು. ಇಷ್ಟು ಚಂದದ ಗ್ರೇಡಿಂಗನ್ನು ಯಾವ ಕಾರಿನ ಕಂಪನಿಯೂ ಮಾಡಿರಲಾರದು.

ಶನಿವಾರ ಈ ಶುಭಸುದ್ದಿ ಹೇಳಿ ಹೊಸ ಫೋಟೋ ತೆಗೆಸಲೆಂದು ಅವನು ಸೈಬರ್ ಸೆಂಟರಿಗೆ ಹೋದರೆ, ವಸಂತ್ ಕುರ್ಚಿಯ ತುದಿಯಲ್ಲಿ ಕೂತು ಉಗುರು ಕಡಿಯುತ್ತಿದ್ದ.

"ಅಣ್ಣಾ, ಮಾತಾಡ್ಬೇಡಿ! ಇಬ್ರು ಬಿದ್ದವ್ರೆ! ಕೊನೇ ಗಳಿಗೇಲಿ ಒಬ್ರ ಮೇಲೊಬ್ರು ಏರಿಸ್ತಾವ್ರೆ!"

ಪರದೆಯ ಮೇಲೆ ಅಂಕಿ ಜಿಗಿಯಿತು. ಎರಡನೇ ಚಕ್ರ ಬಂತು. ಇಂಜಿನ್ ಬಂತು. ಪೆಟ್ರೋಲ್ ಟ್ಯಾಂಕ್, ಸೀಟು, ಕನ್ನಡಿ! ಒಂದು ಇಡೀ ಬೈಕು ಕನಕರಾಜುವಿನ ಕಣ್ಣ ಮುಂದೆ ಎದ್ದು ನಿಂತಿತು. ಅಷ್ಟಕ್ಕೇ ನಿಲ್ಲದೆ ಅದರ ಪಕ್ಕ ಇನ್ನೊಂದು ಬೈಕು ಬಂದು ನಿಂತಿತು! ಆಗ ಹರಾಜು ಮುಗಿಯಿತು.

ವಸಂತ್ ಎದ್ದು ಕುಣಿದ. ಕನಕರಾಜು ಕಾಲ ಮೇಲೆ ಕಾಲು ಹಾಕಿದ. ಮೀಸೆ ಮುಟ್ಟಿದ. ಮದುವೆಯಿಂದ ಈಚೆಗೆ ಇಷ್ಟು ಸುಖದ ಗಳಿಗೆ ಅವನಿಗೆ ಬಂದಿರಲಿಲ್ಲ.

"ಒಪ್ಪಲ್ಲ!" ಎಂದ.

"ಏನು?"

"ಒಪ್ಪಲ್ಲ ಅಂತ ಬರಿ. ಇದು ಬರೀ ಅಸಿ ಮಾಲಿನ ಬೆಲೆ. ನಾಳೆ ಗ್ರೇಡ್ ಆದ ಬೇಲಿನ ಫೋಟೋ ಹಾಕಾವ, ನಾಕು ಬೈಕಿಗೆ ಓಯ್ತದೆ."

"ಅಣ್ಣಾ, ಇಲ್ಲಿ ಅಂಗೆಲ್ಲ ಇಲ್ಲ. ಮುಗೀತು ಅಂದ್ರೆ ಮುಗೀತು. ಅವ್ರು ದುಡ್ಡು ಕೊಡ್ಲೇಬೇಕು, ನೀವು ಫೋಟೋದಲ್ಲಿರೋ ಮಾಲು ಕೊಡ್ಲೇಬೇಕು." ವಸಂತ್ ಕುಣಿತ ನಿಲ್ಲಿಸಿ ಕೇಳಿದ. "ಅದ್ಸರಿ, ಬೇಲು ಅಂದ್ರಲ್ಲ, ಯಾವ್ ಬೇಲು?"

ಕನಕರಾಜು ವಿವರಿಸತೊಡಗಿದ. ವಿವರಿಸುತ್ತ ಹೋದಂತೆ ವಸಂತನ ಮುಖ ಮೊದಲ ಗ್ರೇಡಿನಿಂದ ನಾಲ್ಕನೇ ಗ್ರೇಡಿಗೆ ಇಳಿಯಿತು. ಅಷ್ಟರಲ್ಲಿ ಸೆಂಟರಿನ ಫೋನು ಬಡಿದುಕೊಂಡಿತು. ಕಾರು ಗೆದ್ದ ಸಾಹೇಬರು! ಇಂಗ್ಲೆಂಡೂ ಅಲ್ಲ ಅಮೇರಿಕವೂ ಅಲ್ಲ, ಮೈಸೂರಿನವರು. ಹಳೆ ಕಾರುಗಳ ಹುಚ್ಚು ಹಿಡಿಸಿಕೊಂಡ ಸಿರಿವಂತರು.

"ನಾನು ಯಾಕೆ ಅಷ್ಟು ಬೆಲೆ ಕೊಟ್ಟೆ ಗೊತ್ತೇನ್ರೀ? ಯಾರೂ ಕೈ ಹಾಕಿಲ್ಲದ ಕಾರು ಅದು! ಫೋಟೋ ನೋಡಿದ ಕೂಡಲೇ ತಿಳೀತು, ಒಂದು ಸ್ಕ್ರೂ ಕೂಡ ಯಾರೂ ತಿರುಗಿಸಿಲ್ಲ. ಇಂಥದ್ದು ಈಗ ಸಿಗೋದೇ ಇಲ್ಲ. ಮುಟ್ಟಿಲ್ಲ ತಾನೇ?"

"ಕೋಳಿ ಮುಟ್ಟಿತ್ತು ಸ್ವಾಮಿ," ಎಂದ ಕನಕರಾಜು ಕ್ಷೀಣವಾಗಿ.

"ಆಹಾ, ಆ ಕೋಳೀನೂ ಇರಲಿ! ನಾಳೆ ಬಿಟ್ಟು ಮುಂದಿನ ಭಾನುವಾರ ಲಾರಿ ತರ್ತೀನಿ. ಕೋಳಿ ಸಮೇತ ಒಂದು ಫೋಟೋ ತೆಗೀಬೇಕು. ದಯವಿಟ್ಟು ಧೂಳು ಸಹ ಒರೆಸಬೇಡಿ. ಆ ಧೂಳಿಗೇ ಅರ್ಧ ಬೆಲೆ!"

ಧೂಳು ತಿಪ್ಪೆಯಲ್ಲಿತ್ತು. ಕೋಳಿ ಎಲ್ಲರ ಹೊಟ್ಟೆ ಸೇರಿತ್ತು. ಕಾರು ಏಳು ಬೇಲಾಗಿತ್ತು. ಎರಡು ಬೈಕುಗಳು ಒಂದೊಂದೇ ಬೋಲ್ಟು ಕಳಚಿಕೊಂಡು ಕನಕರಾಜುವಿನ ಕಣ್ಣ ಮುಂದೆಯೇ ಉದುರಿಹೋದವು.

ಆ ಕಾರನ್ನು ಮತ್ತೆ ಜೋಡಿಸಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಯಾರೆಂದು ಕನಕರಾಜುವಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು!

"ನಿಮ್ಮಪ್ಪಂಗೆ ಒಂದು ಫೋನ್ ಮಾಡು," ಎಂದು ಹೆಂಡತಿಯ ಮುಂದೆ ನಿಂತ.

"ನಾನ್ಯಾಕ್ ಮಾಡ್ಲಿ? ತಗಡು ಕೊಟ್ಟೋರ್ನ ಕರೆಯೋಕೆ ನಂಗೆ ನಾಚ್ಕೆ. ನೀವೇ ಓಗಿ ಕರ್ಕಬನ್ನಿ."

ಹೋದ. ಪಿರಿಯಾಪಟ್ಟಣದ ಮನೆಯಲ್ಲಿ, ಹಿಂದೆ ತನ್ನ ಕಡೆಯವರು ಬೈಕಿನ ಮಾತಾಡಿದ ಅದೇ ಗೋಡೆಯ ಎದುರು ಕೂತ. ಸಿದ್ದಯ್ಯ ಅದೇ ಜಾಗದಲ್ಲಿ ಒರಗಿ ಕೂತು ಬೀಡಿ ಹಚ್ಚಿದ. ಕನಕರಾಜು ಗೋಡೆ ನೋಡಿಕೊಂಡು ಹೇಳಿದ: "ಕಾರು ಒಂದು ಸ್ವಲ್ಪ ಬಿಚ್ಕೊಂಡದೆ."

"ತಾನಾಗೇ ಬಿಚ್ಕತ್ತಾ ಅಳಿಮಯ್ಯ?"

"ಊಂ ಮಾವ. ಹಳೇದಲ್ವಾ."

"ಬಿಚ್ಕಂಡು, ಸೀಮೆಣ್ಣೇಲಿ ಸ್ನಾನ ಮಾಡಿ, ಗೋಣಿತಾಟು ಉಟ್ಕಂತಾ? ನಮ್ಮ ದೊರೆ ಕಾರು ಯಾವಾಗ್ಲೂ ಸ್ವಲ್ಪ ಶೋಕಿನೇ ಬುಡಿ."

ಸುನಂದ ಆಗಲೇ ಫೋನ್ ಮಾಡಿಬಿಟ್ಟಿದ್ದಳು! ಸಿದ್ದಯ್ಯ ಬೀಡಿ ಮುಗಿಯುವವರೆಗೂ ಅಳಿಯನನ್ನು ಕಾಯಿಸಿ, ಎದ್ದು, ಅಟ್ಟದಿಂದ ತನ್ನ ಸ್ಪ್ಯಾನರಿನ ಚೀಲ ಇಳಿಸಿದ. "ಬತ್ತೀನಿ. ಆದ್ರೆ ಒಂದು ಮಾತು. ಗಾಡಿ ಎದ್ದು ನಿಲ್ಲೋವರ್ಗೂ ನಾನು ಮೇಸ್ತ್ರಿ, ನೀವು ಕ್ಲೀನರ್. ಸ್ಪ್ಯಾನರ್ ಅಂದ್ರೆ ಸ್ಪ್ಯಾನರ್, ಕಾಪಿ ಅಂದ್ರೆ ಕಾಪಿ."

ಆ ವಾರ ಕನಕರಾಜುವಿನ ಮನೆಯಲ್ಲಿ ರಾಜ್ಯ ಬದಲಾಯಿತು. ಅಪ್ಪ ಕಾರಿನಡಿ ಮಲಗಿ "ಕೈಬೆರಳಿನಷ್ಟು ಉದ್ದ, ತಲೆ ದಪ್ಪ, ಒಂದು ಕಡೆ ಸವೆದದೆ" ಎಂದು ಕೂಗುವುದು. ಮಗಳು ಕಣ್ಣು ಮುಚ್ಚಿ "ಮೂರನೇ ಗ್ರೇಡು, ಎಡಗಡೆ ಮೂಲೆ" ಎನ್ನುವುದು. ಅಳಿಯ ಬೇಲಿನ ಹೊಲಿಗೆ ಬಿಚ್ಚಿ ಕಂಕುಳಿನವರೆಗೆ ಕೈ ತೂರಿಸಿ ತಡಕಾಡುವುದು. ಸಿಕ್ಕಿದ್ದನ್ನು ಕೊಟ್ಟರೆ "ಇದಲ್ಲ ಅಳಿಮಯ್ಯ, ಇದರ ತಮ್ಮ" ಎಂಬ ಉತ್ತರ. ನಡುವೆ ಕಾಫಿ. ಕಾಫಿಯ ಜೊತೆ ಬುದ್ಧಿಮಾತು. ಶನಿವಾರ ಸಂಜೆಗೆ ಕಾರು ಮತ್ತೆ ಕಾರಾಯಿತು. ಒಂದು ಹಿಡಿ ನಟ್ಟು ಮಾತ್ರ ಉಳಿಯಿತು. ಕನಕರಾಜು ಯಾರಿಗೂ ತೋರಿಸದೆ ಅದನ್ನು ಅಂಗಿಯ ಜೇಬಿಗೆ ಇಳಿಸಿದ.

ಹೊಸ ತೊಂದರೆ ಶುರುವಾಯಿತು. ಕಾರು ಫಳಫಳ ಹೊಳೆಯುತ್ತಿತ್ತು! ಅರ್ಧ ಬೆಲೆಯ ಧೂಳು ಎಲ್ಲಿಂದ ತರುವುದು? ರಸ್ತೆಯ ಮಣ್ಣು ಎರಚಿದರೆ ಜಾರಿ ಬಿದ್ದುಹೋಯಿತು. ಕೊನೆಗೆ ಸೊಪ್ಪು ವಿಂಗಡಿಸುವ ಕೊಟ್ಟಿಗೆಯ ನೆಲ ಗುಡಿಸಿ, ವರ್ಷಗಟ್ಟಲೆ ಬಿದ್ದಿದ್ದ ಹೊಗೆಸೊಪ್ಪಿನ ನಯವಾದ ಕಂದು ಪುಡಿಯನ್ನು ಮೊರಕ್ಕೆ ತುಂಬಿಕೊಂಡು ಪುಟ್ಟಸಿದ್ದಮ್ಮನ ಗುಂಪು ಕಾರಿನ ಮೇಲೆ ಕೇರಿತು. "ಧೂಳು ಹೊಡ್ದು ಹೊಡ್ದು ಸೊಂಟ ಬಿದ್ದೋಗಿತ್ತು ನಂಗೆ. ಧೂಳು ಹಾಕೋ ಕೂಲಿ ಇದೇ ಮೊದ್ಲು ಕಣವ್ವ," ಎಂದು ಅವಳು ಮೂಗಿಗೆ ಸೆರಗು ಅಡ್ಡ ಹಿಡಿದಳು. ಕೋಳಿಯನ್ನೂ ಅವಳೇ ಕಡ ಕೊಟ್ಟಳು. ಬಣ್ಣ ಕಂದೇ. ಆದರೆ ಹುಂಜ. ಅದರ ಕಾಲನ್ನು ಸ್ಟಿಯರಿಂಗಿಗೆ ಕಟ್ಟಿ, ಕೆಳಗೆ ಎರಡು ಮೊಟ್ಟೆ ಇಟ್ಟರು. ಹುಂಜ ಮೊಟ್ಟೆಗಳನ್ನೂ ಕನಕರಾಜುವನ್ನೂ ಒಂದೇ ಬಗೆಯ ತಿರಸ್ಕಾರದಿಂದ ನೋಡಿತು.

ಭಾನುವಾರ ಬಿಳಿ ಪ್ಯಾಂಟು ತೊಟ್ಟ ಸಾಹೇಬರು ಖಾಲಿ ಲಾರಿಯ ಜೊತೆ ಬಂದಿಳಿದರು. ಮಾಡಿನ ಹೊರಗೇ ಚಪ್ಪಲಿ ಬಿಟ್ಟರು. ಕಾರಿನ ಸುತ್ತ ಮೆಲ್ಲಗೆ ಒಂದು ಸುತ್ತು ಬಂದರು.

"ಇದು ಹುಂಜ ಅಲ್ಲವೇನ್ರೀ? ಫೋಟೋದಲ್ಲಿ ಹೇಂಟೆ ಇದ್ದ ಹಾಗಿತ್ತು."

"ವಯಸ್ಸಾಯ್ತಲ್ಲ ಸಾರ್," ಎಂದ ಕನಕರಾಜು.

ಸಾಹೇಬರ ಗಮನ ಆಗಲೇ ಧೂಳಿನ ಮೇಲಿತ್ತು. "ನೋಡಿ, ನೋಡಿ! ಕಾಲ ಹೊದಿಸಿದ ಹೊದಿಕೆ! ಇದನ್ನ ದುಡ್ಡು ಕೊಟ್ಟರೂ ತಯಾರು ಮಾಡೋಕಾಗಲ್ಲ!" ಎಂದು ಮೂತಿಯ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದರು.

ಬೆಳೆಗಾರರ ಮನೆಯವರಿಗೇ ತಡೆಯಲಾಗದ ಘಾಟು ಅದು! ಸಾಹೇಬರು ಒಂದು ಸೀನು ಸೀನಿದರು. ಬಾನೆಟ್ಟಿನ ಮೇಲೆ ತಟ್ಟೆಯಗಲ ಕೆಂಪು ಬಣ್ಣ ಫಳ್ಳೆಂದು ಹೊಳೆಯಿತು. ಇನ್ನೊಂದು ಸೀನಿದರು, ದೀಪ ಹೊಳೆಯಿತು. ಸೀನುತ್ತಾ ಸೀನುತ್ತಾ ಆಧಾರಕ್ಕೆ ಬಾಗಿಲು ಹಿಡಿದರು, ಬಾಗಿಲು ಹೊಳೆಯಿತು. ಹುಂಜ ಗಾಬರಿಯಿಂದ ರೆಕ್ಕೆ ಬಡಿದು ಮಿಕ್ಕ ಧೂಳನ್ನೂ ಹಾರಿಸಿತು. ಎರಡೂ ಮೊಟ್ಟೆ ಒಡೆದವು. ಕಾಲ ಹೊದಿಸಿದ ಹೊದಿಕೆ ಅಷ್ಟೂ ಈಗ ಸಾಹೇಬರ ಬಿಳಿ ಪ್ಯಾಂಟಿನ ಮೇಲಿತ್ತು.

ಕಣ್ಣೊರೆಸಿಕೊಂಡು ಅವರು ಬಗ್ಗಿದರು. ಕಟ್ಟೆಯ ಖರೀದಿದಾರ ಬೇಲಿನ ಹೊಟ್ಟೆಗೆ ಕೈ ಹಾಕುವಂತೆಯೇ ಸ್ಟಿಯರಿಂಗಿನ ಕೆಳಗೆ ಕೈ ಹಾಕಿ ಏನನ್ನೋ ಎಳೆದರು. ಗೋಣಿಯ ಹುರಿ ಬಂತು. ಹುರಿಯ ತುದಿಯಲ್ಲಿ ಚೀಟಿ ಬಂತು. ಓದಿದರು.

"ಮೂರನೇ ಗ್ರೇಡು. ಏನ್ರೀ ಇದು?"

ಕನಕರಾಜು ಆಕಾಶ ನೋಡಿದ. ಸುನಂದಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಬಿಚ್ಚಿದ್ದು, ತೊಳೆದದ್ದು, ವಿಂಗಡಿಸಿದ್ದು, ಕೋಳಿಸಾರಿಗೆ ಖಾರ ಜಾಸ್ತಿಯಾದದ್ದು, ಎಲ್ಲವನ್ನೂ ಹೇಳಿಬಿಟ್ಟಳು. ಸಾಹೇಬರು ಕೇಳಿ ಮುಗಿಸಿ ಬಹಳ ದುಃಖದಿಂದ ತಲೆಯಾಡಿಸಿದರು.

"ಹಾಳಾಗಿದ್ದಿದ್ರೆ ತಗೋತಿದ್ದೆ ಕಣಮ್ಮ. ಚೆನ್ನಾಗಿ ಮಾಡಿಬಿಟ್ಟಿದ್ದೀರಿ. ಫೋಟೋದಲ್ಲಿದ್ದ ಕಾರು ಇದಲ್ಲ. ನಾನು ಒಪ್ಪಲ್ಲ."

ಒಪ್ಪಲ್ಲ! ತನ್ನದೇ ಮಾತು ತನ್ನದೇ ಅಂಗಳದಲ್ಲಿ, ಅದೂ ಇನ್ನೊಬ್ಬರ ಬಾಯಲ್ಲಿ! ಖಾಲಿ ಲಾರಿ ಖಾಲಿಯಾಗಿಯೇ ತಿರುಗಿ ಹೋಯಿತು. ರಸ್ತೆಯ ತಿರುವಿನವರೆಗೂ ಸೀನು ಕೇಳಿಸುತ್ತಿತ್ತು.

ಕನಕರಾಜುವಿಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾ ಇವ್ರಿಂದ್ಲೇ! ಆವತ್ತೇ ಒಂದು ಬೈಕು ಕೊಟ್ಟಿದ್ರೆ ಇದೆಲ್ಲ ಇರ್ತಿತ್ತಾ? ಓಡದೇ ಇರೋ ತಗಡ ತಂದು..."

ಸಿದ್ದಯ್ಯ ಅದಾಗಲೇ ಹುಂಜವನ್ನು ಬಿಚ್ಚಿ ಕಳಿಸಿ, ಸೀಟು ಒರೆಸಿ, ಸ್ಟಿಯರಿಂಗ್ ಹಿಡಿದು ಕೂತಿದ್ದ. ಪಕ್ಕದ ಮನೆಯವರ ಬೈಕಿನಿಂದ ಒಂದು ಬಾಟಲಿ ಪೆಟ್ರೋಲು ಇಳಿಸಿಕೊಂಡು ತಂದು ಹೊಯ್ದೂ ಆಗಿತ್ತು. ಅಳಿಯನ ಭಾಷಣ ಕೇಳಿಸಲೇ ಇಲ್ಲವೆಂಬಂತೆ ಹೇಳಿದ: "ಕ್ಲೀನರ್, ಮುಂದ್ಗಡೆ ಓಗಿ ಹ್ಯಾಂಡಲ್ ಹೊಡೀರಿ."

ಕನಕರಾಜು ಹಲ್ಲು ಕಚ್ಚಿ ಹ್ಯಾಂಡಲ್ ಸಿಕ್ಕಿಸಿ, ಮಾವನ ಕತ್ತನ್ನೇ ತಿರುಚುತ್ತಿದ್ದೇನೆಂಬ ಭಾವದಿಂದ ಒಂದು ಸಲ ತಿರುವಿದ. ಕಾರು ಕೆಮ್ಮಿತು. ಇನ್ನೊಂದು ಸಲ ತಿರುವಿದ. ಕಾರು ಗುಡುಗಿತು! ಮಾಡಿನ ಹೆಂಚು ಅದುರಿತು. ಪುಟ್ಟಸಿದ್ದಮ್ಮ ಮೊರ ಬಿಸಾಡಿ ಓಡಿದಳು. ಉದ್ದ ಮೂತಿ ಗಡಗಡ ನಡುಗುತ್ತ, ಹೊಗೆ ಉಗುಳುತ್ತ, ದೊರೆಯ ಕಾರು ಜೀವಂತ ನಿಂತಿತು!

"ಇಲಿಗೂಡು," ಎಂದ ಸಿದ್ದಯ್ಯ, ಸದ್ದಿನ ಮೇಲೆ ಕೂಗಿ. "ಹೊಗೆ ಕೊಳ್ವೇಲಿ ಇಲಿ ಗೂಡು ಕಟ್ಟಿತ್ತಂತೆ, ಸುನಂದ ಹೇಳುದ್ಲು. ಅಷ್ಟೇ ಇದ್ದುದ್ದು ಕಾಯ್ಲೆ. ನೀವು ಸಿಟ್ಟಿಗೆ ಬಿಚ್ಚಿ ತೊಳುದ್ರಲ್ಲ, ವಾಸಿಯಾಯ್ತು. ಮದ್ವೆ ದಿನ್ವೇ ಈ ಸಿಟ್ಟು ಮಾಡಿದ್ರೆ ಆವತ್ತೇ ಓಡ್ತಿತ್ತು ಅಳಿಮಯ್ಯ!"

ಅಂದರೆ ಸಾವ್ಕಾರರು ಕೈಯಿಂದ ದುಡ್ಡು ಕೊಟ್ಟು, ವರ್ಷಗಟ್ಟಲೆ ಕೂತು ಮಾಡುವ ಪ್ರಾಜೆಕ್ಟನ್ನು ಕನಕರಾಜು ಒಂದು ವಾರದಲ್ಲಿ, ತನಗೇ ತಿಳಿಯದೆ, ಕೂಲಿಯಿಲ್ಲದೆ ಮಾಡಿ ಮುಗಿಸಿದ್ದ!

ಸುನಂದ ತಲೆಗೆ ಸೆರಗು ಹೊದ್ದು ಪಕ್ಕದ ಸೀಟಿಗೆ ಹತ್ತಿದಳು. ಅಲ್ಲಿಗೆ ಸೀಟು ಮುಗಿಯಿತು. "ಹುಣಸೂರ್ಗೊಂದು ಸುತ್ತು ಓಗ್ಬತ್ತೀವಿ ಕಣ್ರೀ," ಎಂದಳು. ಕಾರು ಅಂಗಳ ದಾಟಿ, ಊರ ಮಧ್ಯದಲ್ಲಿ ಹಾರನ್ ಬಾರಿಸುತ್ತಾ ಹೊರಟಿತು. ಮನೆ ಮನೆಯಿಂದ ಜನ ಬಂದು ನಿಂತರು. ಬೇಡ ಬೇಡವೆಂದರೂ ಕನಕರಾಜುವಿನ ಕಾಲು ಅದರ ಹಿಂದೆಯೇ ನಡೆದವು. ಜೇಬಿನಲ್ಲಿ ಮಿಕ್ಕಿದ ನಟ್ಟುಗಳು ಹೆಜ್ಜೆ ಹೆಜ್ಜೆಗೂ ಗಿಲಗಿಲ ಎನ್ನುತ್ತಿದ್ದವು.

ಊರಾಚೆ ಹುಣಸೆಮರದ ಹತ್ತಿರ ಕಾರು ತಟ್ಟನೆ ನಿಂತಿತು. ಸುನಂದ ಹಿಂದಕ್ಕೆ ತಿರುಗಿ ಕೈ ಬೀಸಿ ಕರೆದಳು.

ಕನಕರಾಜುವಿನ ಎದೆ ಅರಳಿತು. ಎಷ್ಟಾದರೂ ಕಟ್ಟಿಕೊಂಡವಳು! ಜನರೆದುರು ಗಂಡ ನಡೆದು ಬರುವುದನ್ನು ಹೇಗೆ ಸಹಿಸಿಯಾಳು? ಪಂಚೆ ಎತ್ತಿ ಕಟ್ಟಿ, ಮೀಸೆ ತೀಡಿಕೊಂಡು, ಓಡೋಡಿ ಬಂದು ಬಾಗಿಲಿಗೆ ಕೈ ಹಾಕಿದ. "ಸರ್ಕೋ, ಒಂಚೂರು ಸರ್ಕೋ. ಅಡ್ಜಸ್ಟ್ ಮಾಡ್ಕತ್ತೀನಿ."

"ಹತ್ತಕ್ಕಲ್ಲ ಕಣ್ರೀ," ಎಂದಳು ಸುನಂದ. "ಬಾಟ್ಲಿ ಪೆಟ್ರೋಲ್ ಮುಗುದೋಯ್ತು. ತಳ್ಳಿ."